ಗಂಗುಬಾಯಿಯ ಅರ್ಧ ರೊಟ್ಟಿ

ಮೋರಖಂಡಿಯ ಹಳ್ಳದ ಮೇಲೆ ಸೇತುವೆ ಏಳುತ್ತಿತ್ತು. ಕಂಬಗಳು ನಿಂತಿದ್ದವು, ಮೇಲೆ ಸ್ಲ್ಯಾಬ್ ಹಾಕುವುದು ಉಳಿದಿತ್ತು. ಅಷ್ಟರಲ್ಲಿ ಎಂಜಿನಿಯರ್ ವಿಜಯಶ್ರೀಗೆ ಹುಮನಾಬಾದಿನಿಂದ ಗುತ್ತಿಗೆದಾರ ಧನರಾಜರ ಫೋನು ಬಂತು. ಕೆಲಸ ಮುಗಿಯುವ ತಾರೀಖು ಜೂನಿನ ಮಿರಗದ ಮಳೆಯನ್ನೂ ದಾಟಿದೆ, ಸ್ಲ್ಯಾಬ್ ಮುಂದಿನ ವರ್ಷವಾಗಲಿ, ನಾಳೆಯೇ ಆಳುಗಳನ್ನು ಬೇರೆ ಕಡೆ ಕಳಿಸಿ ಎಂದರು.

ಆ ತಾರೀಖನ್ನು ಹೇಳಿದ್ದು ಅವಳದೇ ಲ್ಯಾಪ್‌ಟಾಪ್. ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ತುಂಬಿದರೆ ಕೊನೆಯ ದಿನವನ್ನು ಅದೇ ತೋರಿಸುತ್ತದೆ.

ಅವಳ ಮಧ್ಯಾಹ್ನದ ಊಟ ಹಳ್ಳದಾಚೆ ಎಮ್ಮೆ ಕಟ್ಟಿಕೊಂಡಿರುವ ಗಂಗುಬಾಯಿಯ ಮನೆಯಲ್ಲಿ. ಸೊಸೆ ಸೋನಾಲಿಗೆ ಆಷಾಢದಲ್ಲಿ ಹೆರಿಗೆ. ಹಳ್ಳ ತುಂಬಿದರೆ ಬಸವಕಲ್ಯಾಣದ ಆಸ್ಪತ್ರೆಗೆ ದಾರಿಯೇ ಇಲ್ಲ. ವಿಜಯಶ್ರೀ ತಲೆ ತಗ್ಗಿಸಿಯೇ ಸುದ್ದಿ ಹೇಳಿದಳು. ಗಂಗುಬಾಯಿ ಬಸವಣ್ಣನ ಪಟದ ಕಡೆ ಒಮ್ಮೆ ನೋಡಿ, ಮತ್ತೆ ರೊಟ್ಟಿ ತಟ್ಟತೊಡಗಿದಳು.

"ಅರ್ಧಾ ಸಾಕ್ರಿ, ಆಯಿ," ಎಂದಳು ವಿಜಯಶ್ರೀ.

ತಟ್ಟೆಗೆ ಪೂರ್ತಿ ರೊಟ್ಟಿಯೇ ಬಿತ್ತು. ಪಕ್ಕದಲ್ಲಿದ್ದ ಮೇಸ್ತ್ರಿ ಕಲ್ಲಿನಾಥನೂ ಅರ್ಧ ಕೇಳಿದ. ಅವನಿಗೂ ಪೂರ್ತಿ.

"ಈಕಿ ಮನ್ಯಾಗ ಅರ್ಧ ಅನ್ನೋದೇ ಇಲ್ರಿ ಮೇಡಂ," ಎಂದು ಅವನು ನಕ್ಕ. "ಹಿಂಗ ನೀಡಕೋತ ಹೋದ್ರ ಬುಟ್ಟಿ ಬರಿದಾಗಿ, ಕಡೀಕಿ ಉಂಬೋ ಸೋನಾಲಿಗಿ ಉಪವಾಸಾನ."

"ಮುರಿದ ರೊಟ್ಟಿ ನೀಡಿದ್ರ ಶಿವ ಮೆಚ್ಚತಾನೇನೋ?" ಎಂದಳು ಗಂಗುಬಾಯಿ.

ವಿಜಯಶ್ರೀಯ ತುತ್ತು ಕೈಯಲ್ಲೇ ನಿಂತಿತು. ಎಡಗೈಯಿಂದಲೇ ಲ್ಯಾಪ್‌ಟಾಪ್ ತೆರೆದಳು. ಕಬ್ಬಿಣ ಕಟ್ಟುವುದು ಅರ್ಧ ದಿನ. ಲ್ಯಾಪ್‌ಟಾಪ್ ಅದನ್ನು ಒಂದು ಪೂರ್ತಿ ದಿನವೆಂದು ಹಿಡಿದಿತ್ತು. ಸ್ಲ್ಯಾಬಿನ ಕೆಳಗೆ ಹಲಗೆ ಕೂಡಿಸುವುದು ಒಂದೂವರೆ ದಿನ, ಅದರ ಲೆಕ್ಕದಲ್ಲಿ ಎರಡು. ಪಟ್ಟಿಯ ಅರ್ಧಗಳೆಲ್ಲ ಪೂರ್ತಿಯಾಗಿ, ಒಂದನ್ನೊಂದು ತಳ್ಳುತ್ತ ಮಳೆಗಾಲದೊಳಗೆ ಹೋಗಿ ಬಿದ್ದಿದ್ದವು. ಒಂದು ಕೆಲಸ ಮಧ್ಯಾಹ್ನಕ್ಕೆ ಮುಗಿದರೆ ಮುಂದಿನದಕ್ಕೆ ಯಾವಾಗ ಕೈ ಹಚ್ಚುತ್ತೀರಿ ಎಂದು ಮೇಸ್ತ್ರಿಯನ್ನು ಕೇಳಿದಳು.

"ಉಂಡು ಎದ್ದಕೂಡ್ಲೆ," ಎಂದ ಕಲ್ಲಿನಾಥ. "ಮತ್ತ ಮಲ್ಕೋತೀವೇನ್ರಿ?"

ದಿನದ ಲೆಕ್ಕವನ್ನು ತಾಸಿನ ಲೆಕ್ಕಕ್ಕೆ ತಿರುಗಿಸಿದಳು. ತಾರೀಖು ಸರ್ರನೆ ಹಿಂದೆ ಸರಿದು ಮಿರಗದ ಈಚೆ ನಿಂತಿತು. ಎಂಜಲಗೈಯಲ್ಲೇ ಧನರಾಜರಿಗೆ ಫೋನು ಹಚ್ಚಿದಳು.

"ಕಂಪ್ಯೂಟರ್ ತಪ್ಪ ಹೇಳತದೇನವಾ?" ಎಂದರು ಅವರು.

"ತಪ್ಪಲ್ಲರಿ ಸರ. ಅದರ ಕೈ ಭಾಳ ಧಾರಾಳ ಅದ. ಅರ್ಧ ಕೇಳಿದ್ರ ಪೂರ್ತಿ ನೀಡಾಕತ್ತಿತ್ತು."

ಧನರಾಜರು ಹೊಸ ಪಟ್ಟಿ ಕಳಿಸಲು ಹೇಳಿದರು. ಗಂಗುಬಾಯಿ ಹೆಂಚಿನ ಮೇಲಿನ ರೊಟ್ಟಿ ಕರಕಾಗುವುದನ್ನೂ ಮರೆತು ಕೂತಿದ್ದಳು. ಕಡೆಗೆ ಫೋನು ಮತ್ತೆ ಬಂತು: ಆಳುಗಳು ಅಲ್ಲೇ ಇರಲಿ, ಸಿಮೆಂಟಿನ ಗಾಡಿ ಹೊರಟಿದೆ.

ಸ್ಲ್ಯಾಬ್ ಹಾಕಿದರು, ಅದು ನೀರುಂಡು ಗಟ್ಟಿಯಾಯಿತು. ಹಲಗೆ ಬಿಚ್ಚಿದ ಬೆನ್ನಿಗೇ ಮಿರಗ ಗುಡುಗಿತು.

ಆಷಾಢದ ಒಂದು ಬೆಳಗ್ಗೆ ಹಳ್ಳ ಕೆಂಪಗೆ ಉಕ್ಕುತ್ತಿದ್ದಾಗ ಸೋನಾಲಿಯನ್ನು ಹೊತ್ತ ಆಟೋ ಸೇತುವೆಯ ಮೇಲೆ ನಿಲ್ಲದೆ ಓಡಿತು. ಗಂಗುಬಾಯಿಯ ಒಂದು ಕೈ ಸೊಸೆಯ ಹೆಗಲ ಮೇಲಿತ್ತು. ಇನ್ನೊಂದು ಕೈಯಲ್ಲಿ ಆಸ್ಪತ್ರೆಗೆಂದು ಕಟ್ಟಿದ ಬುತ್ತಿ. ಅದರೊಳಗಿನ ಒಂದು ರೊಟ್ಟಿಯನ್ನೂ ಮುರಿದಿರಲಿಲ್ಲ.