ಒತ್ತಿದರೆ ಒಳಗೆ ಹೋಗುವ ಗೂಟ

ತುಕ್ಕುತಾತನ ಮನೆಯಲ್ಲಿ, ತಾನು ಯಾವ ಕೆಲಸಕ್ಕೆ ಹುಟ್ಟಿತ್ತೋ ಅದೇ ಕೆಲಸ ಮಾಡುತ್ತಿದ್ದ ವಸ್ತು ಒಂದೂ ಇರಲಿಲ್ಲ. ಸೈಕಲ್ಲಿನ ಹ್ಯಾಂಡಲ್ ಅಂಗಿ ನೇತುಹಾಕುವ ಕೊಂಬಾಗಿತ್ತು. ಮುರಿದ ಕಿಟಕಿಯ ಸರಳುಗಳು ಪುಸ್ತಕದ ಹಲಗೆ ಹೊತ್ತಿದ್ದವು. ನಲ್ಲಿಯ ಹಿತ್ತಾಳೆ ಚಕ್ರ ಡ್ರಾಯರಿಗೆ ಹಿಡಿಯಾಗಿತ್ತು. ಬೀದಿಯ ಮಕ್ಕಳು ಇಟ್ಟ ತುಕ್ಕುತಾತ ಎಂಬ ಹೆಸರಿಗೆ ಅವನು ಬಿರುದು ಬಂದವರ ಹಾಗೆ ಬೀಗುತ್ತಿದ್ದ. "ಈ ಮನೆಗೆ ಹೊಸದಾಗಿ ಬಂದ ಸಾಮಾನು ಅಂದ್ರೆ ನಾನೊಬ್ಬಳೇ, ನನಗೂ ಈಗ ತುಕ್ಕು ಹಿಡೀತು" ಎಂದು ಅವನ ಹೆಂಡತಿ ನೆರೆಯವರ ಮುಂದೆ ನಗುತ್ತಿದ್ದಳು.

ಆಯುಷ್ಯವೆಲ್ಲ ಸುತ್ತಿಗೆ ಬಡಿದು ಅವನ ಕಿವಿ ಮಂದವಾಗಿತ್ತು. ಅವಳು ಕರೆದರೆ ಮೊದಲ ಸಲ ಕೇಳಿಸುತ್ತಿರಲಿಲ್ಲ. ಎರಡನೆಯ ಸಲ ಕೇಳಿಸಿದರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಊರಾಚೆಯ ಮಂಜುಗಡ್ಡೆ ಕಾರ್ಖಾನೆಯನ್ನು ಕೆಡವಿದಾಗ ಗುಜರಿಯವನು ಕೈಗಾಡಿಯಲ್ಲಿ ಮಂಜುಗಡ್ಡೆ ಇಡುವ ಕೋಣೆಯ ಒಂದು ದಪ್ಪ ಬಾಗಿಲು ತಂದ. ಸುತ್ತಲೂ ರಬ್ಬರ್ ಪಟ್ಟಿ, ನಡುವೆ ಮೊಣಕೈ ಉದ್ದದ ಚಿಲಕ. ಬಾಗಿಲು ಮುಚ್ಚಿದರೆ ಸಾಕು, ಚಿಲಕ ತಾನಾಗಿಯೇ ಬೀಳುತ್ತಿತ್ತು. ಹೊರಗಡೆ ಎಳೆಯುವ ಹಿಡಿ, ಒಳಗಡೆ ಗುಂಡಗಿನ ಒಂದು ಗುಬುಟು; ಎರಡನ್ನೂ ಒಂದು ಸರಳು ಸೇರಿಸಿತ್ತು.

"ಇದು ಜೋಡಿ ಅಣ್ಣಾ. ಬೇರೆ ಮಾಡ್ಬೇಡಿ" ಎಂದ ಗುಜರಿಯವನು.

"ಯಾಕಪ್ಪಾ?"

"ನನಗೇನು ಗೊತ್ತು? ಬಿಚ್ಚಿಕೊಟ್ಟ ಮುದುಕ ಹಾಗಂದ."

"ಇವೇನು ಗಂಡ ಹೆಂಡ್ತೀನಾ, ಬೇರೆ ಮಾಡಬಾರದು ಅನ್ನೋಕೆ!" ಎಂದು ನಕ್ಕು, ತಾತ ಅವನು ಗಾಡಿ ತಿರುಗಿಸುವ ಮೊದಲೇ ಸರಳಿಗೆ ಗರಗಸ ಹಾಕಿದ. ಒಂದರಲ್ಲಿ ಎರಡು ಮಾಡುವುದು ಅವನ ಹಳೆಯ ಚಟ. ಏನನ್ನಾದರೂ ಇಡಿಯಾಗಿ ಬಳಸಿದರೆ ಅವನಿಗೆ ನಷ್ಟವಾದಂತೆ ಅನಿಸುತ್ತಿತ್ತು.

ಬಾಗಿಲಿನ ಹಲಗೆಯಿಂದ ಹಾಸಿಗೆ ತುಂಬಿಡುವ ಪೆಟ್ಟಿಗೆಯಾಯಿತು. ಮುಚ್ಚಳದ ಮೇಲೆ ಕೂರಲೂಬಹುದು. ರಬ್ಬರ್ ಪಟ್ಟಿ ಮುಚ್ಚಳದ ಅಂಚಿಗೆ, ಚಿಲಕ ಮತ್ತು ಎಳೆಯುವ ಹಿಡಿ ಮುಂಭಾಗಕ್ಕೆ. ಉಳಿದ ಗುಬುಟು ಒಂದು ಮರದ ತುಂಡಿನ ಮೇಲೆ ಕೂತು, ಬಚ್ಚಲಮನೆಯ ಗೋಡೆಯಲ್ಲಿ ಟವೆಲ್ ಹಾಕುವ ಗೂಟವಾಯಿತು.

"ಇರುವೆಗೂ ದಾರಿ ಇಲ್ಲ ನೋಡು" ಎಂದು ಅವನು ಮುಚ್ಚಳ ಬಿಟ್ಟ. ಅದು ಉಸಿರು ಒಳಗೆಳೆದುಕೊಂಡಂತೆ ಕೂತಿತು. ಟಕ್ ಎಂದು ಚಿಲಕ ಬಿತ್ತು.

"ಹಾಸಿಗೆ ಇಡೋದಕ್ಕೆ ಇಷ್ಟು ಬಿಗಿ ಯಾಕ್ರೀ? ಹಾಸಿಗೆ ಏನು ಎದ್ದು ಓಡಿಹೋಗುತ್ತಾ?"

ಅವಳು ತಮಾಷೆಗೇ ಅಂದದ್ದು. ಆದರೆ ಆ ಸದ್ದು ಅವಳಿಗೆ ಹಿತವಾಗಲಿಲ್ಲ. ಗೂಟವೂ ಅವಳಿಗೆ ಹಿಡಿಸಲಿಲ್ಲ. ಟವೆಲ್ ಎಳೆಯುವಾಗ ಕೈ ತಾಗಿದರೆ ಅದು ಸ್ಪ್ರಿಂಗಿನ ಮೇಲೆ ಒಳಗೆ ಹೋಗಿ, ಮತ್ತೆ ಮೆಲ್ಲಗೆ ಹೊರಗೆ ಬರುತ್ತಿತ್ತು. ಗೋಡೆಯ ಆಚೆಯಿಂದ ಯಾರೋ ತಿರುಗಿ ಒತ್ತುತ್ತಿದ್ದಾರೆ ಅನಿಸುತ್ತಿತ್ತು. "ಒತ್ತೋ ಗೂಟ ಯಾವ ಲೋಕದಲ್ಲಿದೆ ರೀ?" ಎಂದು ಕೇಳಿದಳು. ಅವನಿಗೆ ಕೇಳಿಸಲಿಲ್ಲ.

ಒಂದು ದಿನ ಮಗಳು ತನ್ನ ಮಗು ಪುಟ್ಟಿಯನ್ನು ಕರೆದುಕೊಂಡು ತವರಿಗೆ ಬಂದಳು. ಇದ್ದ ಹಾಸಿಗೆಯೆಲ್ಲ ಹೊರಬಂದು ಪೆಟ್ಟಿಗೆ ಖಾಲಿಯಾಯಿತು. ಖಾಲಿ ಪೆಟ್ಟಿಗೆ ಅಜ್ಜಿಯ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಏನಾದರೂ ತುಂಬಿಡಬೇಕು ಅಂದುಕೊಂಡಳು, ಕೆಲಸದ ಗಡಿಬಿಡಿಯಲ್ಲಿ ಮರೆತಳು.

ಮರುದಿನ ಬೆಳಿಗ್ಗೆ ಮಗಳು ಅಂಗಡಿಗೆ ಹೋದಾಗ ಪುಟ್ಟಿ ಕಣ್ಣಾಮುಚ್ಚಾಲೆಗೆ ಹಟ ಹಿಡಿದಳು. ಅಜ್ಜಿ ಬಚ್ಚಲಮನೆಯ ಗೋಡೆಗೆ ಮುಖ ಒರಗಿಸಿ ಎಣಿಸಿದಳು. ಎಣಿಕೆಯ ನಡುವೆ ಎಲ್ಲೋ ಟಕ್ ಎಂದಿತು. ಗಂಡ ಹಿತ್ತಲಿನಿಂದ ಬಂದು ಸುತ್ತಿಗೆ ಹಿಡಿದಿರಬೇಕು ಅಂದುಕೊಂಡಳು. ಎಣಿಕೆ ಮುಗಿಯುವ ಹೊತ್ತಿಗೆ ಸುತ್ತಿಗೆಯ ಸದ್ದು ನಿಜವಾಗಿಯೂ ಕೇಳಿಸಿತು.

ಮಂಚದ ಕೆಳಗೆ, ಪರದೆಯ ಹಿಂದೆ, ಅಡುಗೆಮನೆಯ ಮೂಲೆಯಲ್ಲಿ, ಎಲ್ಲ ಕಡೆ ಹುಡುಕಿದಳು. ಹಿತ್ತಲಿಗೂ ಹೋಗಿ ಬಂದಳು. "ಪುಟ್ಟಿ, ಸೋತೆ ಕಣೇ, ಬಾ" ಎಂದಳು. ಯಾವಾಗಲೂ ಈ ಮಾತಿಗೆ ಕಿಲಕಿಲ ನಗುತ್ತಾ ಓಡಿ ಬರುವವಳು ಬರಲಿಲ್ಲ. ಅಜ್ಜಿಗೆ ಮೈಯೆಲ್ಲ ಬೆವರಿತು. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು, ಕಣ್ಣು ಮುಚ್ಚಿಕೊಂಡೇ ಟವೆಲಿಗೆ ಕೈ ಚಾಚಿದಳು. ಅಂಗೈ ಗೂಟಕ್ಕೆ ತಗುಲಿ, ಗೂಟ ಒಳಗೆ ಹೋಯಿತು.

ಆಗ ಹೊಳೆಯಿತು. ಇದು ನೇತುಹಾಕುವುದಕ್ಕೆ ಇದ್ದದ್ದಲ್ಲ. ಇದು ಒತ್ತುವುದಕ್ಕೇ ಇದ್ದದ್ದು. ಹೊರಗಿರುವವನಿಗೆ ಎಳೆಯಲು ಹಿಡಿ ಇದೆ, ಒತ್ತಬೇಕಾದವನು ಒಳಗೆ ಸಿಕ್ಕಿಬಿದ್ದವನು.

ಪೆಟ್ಟಿಗೆಯಿದ್ದ ನಡುಮನೆಗೆ ಓಡಿದಳು. ತಾತ ಪೆಟ್ಟಿಗೆಯ ಮೇಲೆಯೇ ಕೂತಿದ್ದ. ಮುಂದಿನ ಸ್ಟೂಲಿನ ಮೇಲೆ ಕಬ್ಬಿಣದ ತುಂಡಿಟ್ಟುಕೊಂಡು, ಹಳೆಯ ಮೊಳೆಗಳನ್ನು ಒಂದೊಂದಾಗಿ ಕುಟ್ಟಿ ನೇರ ಮಾಡುತ್ತಿದ್ದ. ಪಕ್ಕದಲ್ಲಿ ನೇರವಾದ ಮೊಳೆಗಳ ಗುಡ್ಡೆಯೇ ಬಿದ್ದಿತ್ತು.

"ಏಳ್ರೀ!"

ಅವನು ತಲೆ ಎತ್ತಲಿಲ್ಲ. ಅವಳು ಸುತ್ತಿಗೆಯನ್ನು ಅವನ ಕೈಯಿಂದ ಕಿತ್ತುಕೊಂಡಳು.

ಸುತ್ತಿಗೆ ಅವಳ ಕೈಯಲ್ಲಿತ್ತು. ಕುಟ್ಟುವ ಸದ್ದು ಮಾತ್ರ ನಿಲ್ಲಲಿಲ್ಲ. ಮೆತ್ತಗೆ, ಬಿಟ್ಟು ಬಿಟ್ಟು, ಅವನ ಕೆಳಗಿನಿಂದ ಬರುತ್ತಿತ್ತು. ಅವನು ಅವಳ ಮುಖ ನೋಡಿದ, ತನ್ನ ಖಾಲಿ ಕೈ ನೋಡಿಕೊಂಡ. ಸದ್ದು ಅವನ ಕಿವಿಗೆ ಬಿದ್ದಿತೋ ಇಲ್ಲವೋ, ಕೂತಿದ್ದ ಹಲಗೆಯ ನಡುಕವಂತೂ ಮೈಗೆ ತಿಳಿಯಿತು. ದಡಬಡಿಸಿ ಎದ್ದ. ಮೊಳೆಗಳು ನೆಲದ ತುಂಬ ಚೆಲ್ಲಿದವು.

ಅವಳು ಹಿಡಿ ಎಳೆದಳು, ಬರಲಿಲ್ಲ. ಇಬ್ಬರೂ ಸೇರಿ ಎಳೆದರು. ರಬ್ಬರ್ ಕಿತ್ತುಕೊಂಡು ಮುಚ್ಚಳ ಮೇಲೆದ್ದಿತು. ಪುಟ್ಟಿ ಮೊಣಕಾಲು ಮಡಚಿ ಮುದುಡಿ ಬಿದ್ದಿದ್ದಳು. ಕೂದಲು ಬೆವರಿನಿಂದ ಹಣೆಗೆ ಅಂಟಿತ್ತು, ತುಟಿಯಲ್ಲಿ ಬಣ್ಣ ಇರಲಿಲ್ಲ. ಮುಷ್ಟಿ ಬಿಗಿಯಾಗಿಯೇ ಇತ್ತು. ಅಜ್ಜಿ ಅವಳನ್ನು ಎತ್ತಿ ಬಾಗಿಲ ಗಾಳಿಗೆ ಒಯ್ದಳು, ಬೆನ್ನು ತಿಕ್ಕಿದಳು, ಹೆಸರು ಹಿಡಿದು ಕೂಗಿದಳು. ಮಗು ಒಂದು ದೊಡ್ಡ ಉಸಿರು ಎಳೆದುಕೊಂಡಿತು, ಮತ್ತೊಂದು ಎಳೆದುಕೊಂಡಿತು, ಕೆಮ್ಮಿತು. ಅಜ್ಜಿ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಗೊಳೋ ಎಂದು ಅತ್ತುಬಿಟ್ಟಳು.

ತಾತ ಹತ್ತಿರ ಬರಲು ಹೆದರಿ, ಗೋಡೆ ಹಿಡಿದು ನಿಂತಿದ್ದ. ಪುಟ್ಟಿ ಅಜ್ಜಿಯ ಹೆಗಲ ಮೇಲಿನಿಂದ ಅವನನ್ನು ನೋಡಿದಳು. ಪಿಸುದನಿಯಲ್ಲಿ ಅಂದಳು.

"ನಾನು ಕುಟ್ಟಿದಾಗೆಲ್ಲ ನೀನೂ ಕುಟ್ಟಿದೆಯಲ್ಲ ತಾತ. ತೆಗೀತೀಯ ಅಂತ ಕಾಯ್ತಾ ಇದ್ದೆ."

ಅಷ್ಟು ಸಣ್ಣ ದನಿಯ ಮಾತು. ಅವನಿಗೆ ಮೊದಲ ಸಲವೇ ಕೇಳಿಸಿತು.