ಗೇರಿಗೆ ಮೀನೆಣ್ಣೆ

"ಇನ್ನೊಂದ್ ಸಲ ಒತ್ತ್ ಕಾಂಬ," ಎಂದ ಸೈಕಲ್ ಅಂಗಡಿಯ ಗೋವರ್ಧನ.

ಶರಣ್ಯಾ ಹ್ಯಾಂಡಲಿನ ಗೇರನ್ನು ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತಿದಳು. ಜಪ್ಪಯ್ಯ ಅಂದರೂ ಅದು ಕದಲಲಿಲ್ಲ. ಚೈನು ಹಿಂದಿನ ಅತಿ ಸಣ್ಣ ಹಲ್ಲುಚಕ್ರದ ಮೇಲೇ ಕೂತಿತ್ತು. ಸಮತಟ್ಟು ರಸ್ತೆಗಾದರೆ ಅದು ಸಾಕು. ಏರು ಹತ್ತಲು ಹೋದರೆ ತೊಡೆ ಹರಿದುಹೋಗಬೇಕು. ಇವತ್ತಿನ ಆಯ್ಕೆ ಸ್ಪರ್ಧೆ ಇಟ್ಟದ್ದೋ, ಹಾಲಾಡಿಯ ಆಚೆಯ ಏರಿನಲ್ಲಿ. ಮೂರು ಗಂಟೆಗೆ ಸೀಟಿ ಊದುತ್ತಾರೆ. ಈಗಲೇ ಎರಡೂ ಇಪ್ಪತ್ತು.

ಮೊದಲು ಬಂದ ಮೂವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ. ಓದು, ಊಟ, ತರಬೇತಿ ಎಲ್ಲ ಅಲ್ಲೇ. ಶರಣ್ಯಾಳಿಗೆ ಇದೇ ಕಡೆಯ ಅವಕಾಶ, ಬರುವ ವರ್ಷ ವಯಸ್ಸು ಮೀರುತ್ತದೆ. ಹುಡುಗಿ ಎರಡು ವರ್ಷ ಬೆಳಿಗ್ಗೆ ಐದಕ್ಕೆದ್ದು ಕೋಡಿಯ ಕಡಲ ಬದಿಯಲ್ಲಿ ತುಳಿದದ್ದು ಈ ಒಂದು ದಿನಕ್ಕೆ. ಪರೀಕ್ಷೆಯೆಂದು ಹದಿನೈದು ದಿನ ಸೈಕಲ್ ಮುಟ್ಟಿರಲಿಲ್ಲ. ಇವತ್ತು ಹಾಲಾಡಿಯಲ್ಲಿ ಟೆಂಪೋದಿಂದ ಇಳಿಸಿ ಹತ್ತಿದ ಮೇಲೆಯೇ ಗೇರು ಕೈಕೊಟ್ಟದ್ದು ಗೊತ್ತಾದದ್ದು.

ಅವಳ ಅಪ್ಪ ರಾಜೀವ ಅಂಗಡಿಯ ಕಂಬ ಹಿಡಿದು ನಿಂತಿದ್ದ. ನಡುಗಡಲಲ್ಲಿ ದೋಣಿ ಮಗುಚಿದಾಗಲೂ ಈ ಮನುಷ್ಯ ಹೀಗೆ ಕಂಗಾಲಾಗಿರಲಿಲ್ಲ ಮಾರಾಯರೆ!

ಗೋವರ್ಧನ ಗೇರಿನ ವಯರನ್ನು ಪಕ್ಕಡಿನಲ್ಲಿ ಹಿಡಿದೆಳೆದ. ಬರಲಿಲ್ಲ. ಅದು ಹಾದುಹೋಗುವ ಕೊಳವೆಯ ತುದಿಯನ್ನು ಉಗುರಿನಿಂದ ಕೆರೆದ. ಕಂದು ಬಣ್ಣದ ಅಂಟು ಎದ್ದುಬಂತು. ಮೂಸಿ ನೋಡಿ ಮುಖ ಸಿಂಡರಿಸಿದ.

"ಹ್ವಾಯ್, ಇದ್ ಮೀನೆಣ್ಣಿ ಅಲ್ದಾ! ಗೇರಿಗೆ ಮೀನೆಣ್ಣಿ ಹಾಕುದಾ? ಒಣಗಿ ಗಟ್ಟಿ ಆಯ್ತ್ ಕಾಣಿ. ಯಾರಿಗ್ ಮರ್ಲ್ ಹಿಡ್ದದ್ದ್?"

ಹಾಕಿದ್ದು ರಾಜೀವನೇ. ಹತ್ತು ದಿನದ ಹಿಂದೆ ದೋಣಿಗೆ ಮೀನೆಣ್ಣೆ ಬಳಿದಿದ್ದ. ಮರದ ಮೇಲೆ ಅದು ಗಟ್ಟಿ ಪದರವಾಗಿ ಕೂತರೆ ಉಪ್ಪುನೀರು ಏನೂ ಮಾಡಲಾರದು. ಅಪ್ಪ, ಅಜ್ಜ ಎಲ್ಲ ಮಾಡಿಕೊಂಡು ಬಂದದ್ದೇ. ಕಡಲ ಗಾಳಿಗೆ ಮಗಳ ಸೈಕಲಿನ ವಯರೂ ತುಕ್ಕು ಹಿಡಿಯುತ್ತಿದೆಯಲ್ಲ ಎಂದು ಉಳಿದ ಎಣ್ಣೆಯನ್ನು ಅದರ ಕೊಳವೆಗೆ ಹನಿಹನಿಯಾಗಿ ಇಳಿಸಿದ್ದ. ಎಷ್ಟು ಪ್ರೀತಿಯಿಂದ ಇಳಿಸಿದ್ದ!

ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಶರಣ್ಯಾ ತಲೆ ಎತ್ತದೆ, "ನಾನೇ ಹಾಕದ್ದ್," ಎಂದಳು.

"ಶಾಲಿಗೆ ಹೋಪ ಹೆಣ್ಣಿಗ್ ಅಷ್ಟೂ ಬುದ್ಧಿ ಬ್ಯಾಡ್ದಾ?" ಗೋವರ್ಧನ ಸರಿಯಾಗಿ ಜಾಡಿಸಿದ. ಹುಡುಗಿ ಕೇಳಿಸಿಕೊಂಡಳು. ರಾಜೀವ ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ಥೂ, ನಾನೊಬ್ಬ ಅಪ್ಪನಾ ಎಂದು ಅವನಿಗೇ ಅನ್ನಿಸಿತು.

ಗೋವರ್ಧನ ಕೊಳವೆಗೆ ಸೀಮೆಎಣ್ಣೆ ಬಿಟ್ಟು, ಕಾಲು ಒತ್ತುಕೊಟ್ಟು ಇನ್ನೊಮ್ಮೆ ಎಳೆದ. ವಯರು ಟಪ್ಪೆಂದು ತುಂಡಾಯಿತು.

"ಇದ್ರ ವಯರ್ ನನ್ ಹತ್ರ ಇಲ್ಲೆ ಮಾರಾಯ್ರೆ. ಬ್ರೇಕಿಂದ್ ದಪ್ಪ, ಇದಕ್ ಕೂಕಂತಿಲ್ಲೆ."

"ನಾ ಕುಂದಾಪ್ರಕ್ ಹೋಯಿ ತತ್ತೆ," ರಾಜೀವ ಹೊರಡಲು ಅಣಿಯಾದ.

"ನೀವ್ ಹೋಯಿ ಬಪ್ಪತಿಗೆ ರೇಸ್ ಮುಗ್ದಿರತ್ತ್."

"ಎಂತಾರೂ ಮಾಡಿ, ನಿಮ್ ಕಾಲ್ ಹಿಡಿತೆ," ಎಂದ ರಾಜೀವ, ನಿಜಕ್ಕೂ ಬಗ್ಗಿಯೇಬಿಟ್ಟ. ಗೋವರ್ಧನ ಗಾಬರಿಯಾಗಿ ಹಿಂದೆ ಸರಿದ. ಸ್ಕ್ರೂ ಡ್ರೈವರ್ ತೆಗೆದುಕೊಂಡು ಹಿಂದಿನ ಸಣ್ಣ ಸ್ಕ್ರೂವನ್ನು ತಿರುಗಿಸುತ್ತ ತಿರುಗಿಸುತ್ತ, ಚೈನನ್ನು ಪಕ್ಕದ ಒಂಚೂರು ದೊಡ್ಡ ಚಕ್ರಕ್ಕೆ ದಾಟಿಸಿದ.

"ಇಷ್ಟೇ ಆಪ್ದ್ ಹೆಣ್ಣೇ. ಒಂದೇ ಗೇರ್. ಇದ್ರಗೇ ಹತ್ಕ್."

ಸೀಟಿ ಊದಿದ್ದು ಸರಿಯಾಗಿ ಮೂರಕ್ಕೆ. ರಾಜೀವ ಏರಿನ ನಡುವೆ ಬಿಸಿಲಲ್ಲಿ ಕಾದು ನಿಂತ. ಮೊದಲ ಹುಡುಗಿ ಬಂದಳು. ಟಕ್ಕೆಂದು ಗೇರು ಬದಲಿಸಿ ಸಲೀಸಾಗಿ ಹತ್ತಿಹೋದಳು. ಎರಡನೆಯವಳೂ ಹಾಗೆಯೇ. ಮೂರನೆಯವಳು ಬಂದು ತಿರುವಿನಲ್ಲಿ ಮರೆಯಾದಾಗ, ಇದ್ದದ್ದೇ ಮೂರು ಜಾಗವಲ್ಲ ಎಂದುಕೊಂಡ.

ಆಮೇಲೆ ಶರಣ್ಯಾ ಕಾಣಿಸಿದಳು. ಸೀಟಿನಿಂದ ಎದ್ದು ನಿಂತು, ಮೈಯ ಭಾರವನ್ನೆಲ್ಲ ಒಂದೊಂದೇ ಪೆಡಲಿನ ಮೇಲೆ ಹಾಕುತ್ತಿದ್ದಳು. ಸೈಕಲ್ ಎಡಕ್ಕೂ ಬಲಕ್ಕೂ ವಾಲುತ್ತಿತ್ತು. ನಡೆದು ಬರುವವರೂ ಅದಕ್ಕಿಂತ ಬೇಗ ಬಂದಾರು. ಅವಳ ಮುಖ ನೋಡಲಾಗದೆ ರಾಜೀವ ಓಡಿದ. ಸೀಟಿನ ಹಿಂದೆ ಕೈ ಚಾಚಿದ.

"ಮುಟ್ಬೇಡಿ ಅಪ್ಪಯ್ಯ! ಮುಟ್ರೆ ನನ್ನನ್ ತೆಗ್ದ್ ಹಾಕ್ತ್ರ್."

ಕೈ ಗಾಳಿಯಲ್ಲೇ ನಿಂತಿತು.

"ಮಗಾ, ಎಣ್ಣಿ ಹಾಕದ್ದ್ ನಾನ್..."

"ಗೊತ್ತಿತ್ತ್." ಒಂದು ಪೆಡಲು ತುಳಿದು ಉಸಿರೆಳೆದುಕೊಂಡಳು. "ಸುಮ್ನೆ ಬನ್ನಿ."

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು, ಅವಳ ಪಕ್ಕದಲ್ಲೇ ಏರು ಹತ್ತತೊಡಗಿದ.