ಕಟ್ಟಿದ ಹಂದಿ

"ಶ್!" ಎಂದು ನೆಲ್ಡಾ ಕೈ ಎತ್ತಿದಳು.

ಬ್ರಾಡಿ ಮಾತು ನಿಲ್ಲಿಸಲಿಲ್ಲ. ಬೆಳಗಿನ ಆರು ಗಂಟೆಯಿಂದ ಅವನ ಬಾಯಿಗೆ ಬಿಡುವು ಸಿಕ್ಕಿದ್ದು ಕಾಫಿ ಕುಡಿಯುವಾಗ ಮಾತ್ರ. ಡಲ್ಲಾಸಿನಲ್ಲಿ ಕಾರು ಮಾರುವವನು. ಕೊಳ್ಳದವರಿಗೂ ಕಾರಿನ ಕಥೆ ಹೇಳದೆ ಬಿಡುವವನಲ್ಲ.

"ಶ್ ಅಂದ್ರೆ ಸುಮ್ನಿರಪ್ಪಾ ಅಂತ. ನಾಯಿ ಏನ್ ಹೇಳ್ತಿದೆ ಕೇಳೋಣ."

ಹಳ್ಳದ ಕಡೆಯಿಂದ ಶುಗರ್‌ಳ ದನಿ ಬಂತು. ಇಷ್ಟು ಹೊತ್ತು ಅಲ್ಲೊಂದು ಇಲ್ಲೊಂದು ಕೂಗು ಹಾಕುತ್ತ ಓಡುತ್ತಿದ್ದ ನಾಯಿ ಈಗ ಒಂದೇ ಕಡೆ ನಿಂತು, ಕೊಡಲಿಯಲ್ಲಿ ಕಟ್ಟಿಗೆ ಒಡೆದ ಹಾಗೆ ಬಿಡದೆ ಬೊಗಳುತ್ತಿತ್ತು. ಹಿಂದೆಯೇ ಇನ್ನೊಂದು ನಾಯಿ ಪಾಪ್‌ನ ದಪ್ಪ ದನಿ ಸೇರಿಕೊಂಡಿತು. ನಾಯಿಗಳ ಕತ್ತುಪಟ್ಟಿ ಎಲ್ಲಿದೆ ಎಂದು ತೋರಿಸುವ ಯಂತ್ರ ನೆಲ್ಡಾಳ ಸೊಂಟದಲ್ಲಿತ್ತು. ಅವಳು ಅದನ್ನು ನೋಡಲಿಲ್ಲ. ದನಿಯೇ ಹೇಳಿತು: ಕಾಡುಹಂದಿ ಓಟ ನಿಲ್ಲಿಸಿದೆ, ದಿಬ್ಬಕ್ಕೆ ಬೆನ್ನು ಕೊಟ್ಟು ನಿಂತಿದೆ. ಒಂಟಿ ಗಂಡು. ದೊಡ್ಡದು.

"ಡೀಕನ್‌ಗೂ ಗೊತ್ತಾಯ್ತು ಕೊಮಾದ್ರೆ," ಎಂದ ಅವಳ ಬೇಟೆಯ ಜೊತೆಗಾರ ರಮೀರೋ. ಅವನ ಮಗಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನವಾದಾಗ ನೆಲ್ಡಾ ಧರ್ಮತಾಯಿಯಾಗಿ ನಿಂತಿದ್ದಳು; ಅಂದಿನಿಂದ ಅವನ ಬಾಯಲ್ಲಿ ಅವಳ ಹೆಸರು ಬಂದಿಲ್ಲ, ಈ ಕರೆಯೇ. ಅವನ ಕೈಯ ಹಗ್ಗದ ತುದಿಯಲ್ಲಿ ಬಿಳಿ ಬುಲ್‌ಡಾಗ್ ಡೀಕನ್, ಎದೆಗೆ ದಪ್ಪ ಕವಚ ತೊಟ್ಟು, ಸದ್ದಿಲ್ಲದೆ ನಡುಗುತ್ತ ನಿಂತಿತ್ತು. ಶುಗರ್, ಪಾಪ್ ಹುಡುಕುವ ನಾಯಿಗಳು. ಬೊಗಳಿ ತಡೆಯುತ್ತವೆ, ಮೈಮೇಲೆ ಹೋಗುವುದಿಲ್ಲ. ಹೋಗಿ ಕಚ್ಚಿ ಹಿಡಿಯುವವನು ಡೀಕನ್. ಹಿಡಿದ ಮೇಲೆ ಬಿಡುವ ವಿದ್ಯೆ ಅವನಿಗೆ ಬಾರದು.

"ನಡೀರಿ," ಎಂದ ಕ್ಲಿಫ್ ಯಾನೆಕ್. ರ‍್ಯಾಂಚಿನ ಯಜಮಾನ. ಬ್ರಾಡಿಯ ಬೆನ್ನು ತಟ್ಟಿ, ನೆಲ್ಡಾಳ ಕಡೆ ತಿರುಗಿ ಹಲ್ಲು ಬಿಟ್ಟ. ಆ ನಗೆಯ ಅರ್ಥ ಅವಳಿಗೆ ಗೊತ್ತಿತ್ತು.

ಇವನ ಅಪ್ಪ ಅಲೋಯಿಸ್ ಇದ್ದಾಗ ಕಾಗದವಿಲ್ಲ, ಪತ್ರವಿಲ್ಲ. ಮೂವತ್ತೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನ ಜೋಳದ ಹೊಲವನ್ನು ಹಂದಿಗಳು ನೇಗಿಲು ಹೊಡೆದ ಹಾಗೆ ಬಗೆದು ಹೋಗಿದ್ದವು. ಮುದುಕ ನೆಲ್ಡಾಳ ಮನೆಗೆ ಬಂದು ಕೈ ಕುಲುಕಿ, "ಗೇಟು ನಿಂದು, ಹಂದಿ ನಿಂದು. ಹೊಲ ಒಂದು ಉಳಿಸ್ಕೊಡು" ಅಂದ. ಅಷ್ಟೇ ಒಪ್ಪಂದ. ವಾರದ ಐದು ದಿನ ಶಾಲೆಯ ಬಸ್ಸು ಓಡಿಸುವುದು, ಶನಿವಾರ ಯಾನೆಕ್ ರ‍್ಯಾಂಚು, ಭಾನುವಾರ ಚರ್ಚಿನಲ್ಲಿ ತೂಕಡಿಕೆ: ಅರವತ್ತೆರಡು ವರ್ಷದ ನೆಲ್ಡಾಳ ವಾರ ಹೀಗೆ ಸಾಗಿಕೊಂಡು ಬಂದಿತ್ತು. ಎರಡು ವರ್ಷದ ಹಿಂದೆ ಅಲೋಯಿಸ್ ಸತ್ತ. ಕ್ಲಿಫ್‌ಗೆ ಹಂದಿಯೇ ಬೆಳೆಯಾಯಿತು, ಜೋಳಕ್ಕಿಂತ ಒಳ್ಳೆಯ ಬೆಳೆ. ನೀರು ಬೇಡ, ಗೊಬ್ಬರ ಬೇಡ, ಪಟ್ಟಣದಿಂದ ಗಿರಾಕಿ ಬಂದರೆ ಸಾಕು.

ಹೋದ ವಾರ ಅವನು ಮನೆಯ ಜಗಲಿಯಲ್ಲಿ ಕೂರಿಸಿ ಹೇಳಿದ್ದ: "ಮಿಸ್ ನೆಲ್ಡಾ, ತಪ್ಪು ತಿಳ್ಕೋಬೇಡಿ. ಹೆಲಿಕಾಪ್ಟರ್‌ನೋರು ಬೆನ್ನು ಬಿದ್ದಿದಾರೆ. ಮೇಲಿಂದ ಗುಂಡು ಹೊಡೆಯೋಕೆ ಜನ ಸಾಲು ನಿಂತಿದಾರೆ. ಶನಿವಾರ ಬರೋರು ಖುಷಿಯಾಗಿ ಹೋದ್ರೆ ನಿಮ್ ನಾಯಿಗಳು ಇಲ್ಲೇ ಓಡ್ಕೊಂಡಿರ್ಲಿ. ಇಲ್ದಿದ್ರೆ ನನ್ ಕೈಲಿ ಏನೂ ಇಲ್ಲ."

ಕೈಯಲ್ಲಿ ಏನೂ ಇಲ್ಲ ಎನ್ನುವವರ ಕೈಯಲ್ಲೇ ಎಲ್ಲ ಇರುವುದು. ಸುತ್ತಲಿನ ರ‍್ಯಾಂಚುಗಳಿಗೆಲ್ಲ ಈಗ ಎಂಟಡಿ ಬೇಲಿ. ಯಾನೆಕ್ ಗೇಟು ಮುಚ್ಚಿದರೆ ಅವಳ ಆರು ನಾಯಿಗಳಿಗೆ ಓಡಲು ನೆಲವಿಲ್ಲ. ಓಡದ ನಾಯಿ ಗೂಡಿನಲ್ಲಿ ತನ್ನ ಬಾಲವನ್ನೇ ಕಚ್ಚಿಕೊಂಡು ಹಾಳಾಗುವುದನ್ನು ಅವಳು ಬೇರೆಯವರ ಹಿತ್ತಲಲ್ಲಿ ನೋಡಿದ್ದಳು. ಶನಿವಾರವಿಲ್ಲದ ತನ್ನ ವಾರವನ್ನು ನೆನೆದರೆ ಅವಳಿಗೇ ದಿಗಿಲಾಗುತ್ತಿತ್ತು. ದಿಗಿಲಾಗಿದ್ದಕ್ಕೇ ಹೂಂ ಅಂದಿದ್ದಳು.

ಬೆಳಿಗ್ಗೆ ಪಿಕಪ್ಪಿನ ಹಿಂದೆ ನಿಂತು ಬ್ರಾಡಿಗೂ ಅವನ ಭಾವಮೈದುನ ಕರ್ಟ್‌ಗೂ ಮೂರು ಮಾತು ಹೇಳಿದ್ದಳು. "ಡೀಕನ್ ಹಿಡೀತಾನೆ. ನಾನು ಹಂದಿ ಹಿಂಗಾಲು ಎತ್ತೀನಿ. ನೀನು ಬಂದು ಭುಜದ ಹಿಂದೆ ಚಾಕು ಹಾಕ್ಬೇಕು, ಒಂದೇ ಸಲ, ಆಳಕ್ಕೆ. ಫೋಟೋ ಗೀಟೋ ಎಲ್ಲ ಅದು ಸತ್ಮೇಲೆ. ನಾಯಿ ಬಾಯಲ್ಲಿ ಹಂದಿ ಇದ್ದಾಗ ಯಾರೂ ಕಾಯೋ ಹಾಗಿಲ್ಲ. ಹಂದೀನೂ ಕಾಯಬಾರ್ದು, ನಾಯೀನೂ ಕಾಯಬಾರ್ದು."

"ಎಸ್ ಮ್ಯಾಮ್!" ಎಂದು ಬ್ರಾಡಿ ಸಲಾಮು ಹೊಡೆದಿದ್ದ. ಸೊಂಟದಲ್ಲಿ ಹೊಚ್ಚಹೊಸ ಚಾಕು, ಮೊಳದುದ್ದ.

ಜಾಲಿ ಪೊದೆ ಮೈ ಗೀರುತ್ತಿದ್ದರೂ ಲೆಕ್ಕಿಸದೆ ಐವರೂ ಹಳ್ಳಕ್ಕಿಳಿದರು. ಅಲ್ಲಿತ್ತು. ಓಕ್ ಮರದ ಬೇರಿಗೆ ಹಿಂಭಾಗ ಒತ್ತಿಕೊಂಡು, ಕತ್ತಿನ ಕೂದಲು ನಿಮಿರಿಸಿ, ಹಲ್ಲು ಕಟಕಟ ಕಡಿಯುತ್ತ ನಿಂತ ಕಪ್ಪು ಗಂಡು. ಮುಂದೆ ಎರಡು ಮಾರು ದೂರದಲ್ಲಿ ಶುಗರ್, ಪಾಪ್ ಕುಣಿಯುತ್ತಿದ್ದವು. ಬ್ರಾಡಿಯ ಬಾಯಿ ಆ ದಿನ ಮೊದಲ ಸಲ ತಾನಾಗಿ ಮುಚ್ಚಿತು.

"ಬಿಡು," ಎಂದಳು ನೆಲ್ಡಾ.

ರಮೀರೋ ಹಗ್ಗ ಬಿಟ್ಟ. ಬಿಳಿಯದೊಂದು ನೆಲಕ್ಕೆ ಅಂಟಿದಂತೆ ಹೋಗಿ ಹಂದಿಯ ಕಿವಿಗೆ ಕಚ್ಚಿಕೊಂಡಿತು. ಹಂದಿ ಕಿರುಚಿದ ಸದ್ದಿಗೆ ಕರ್ಟ್ ಎರಡು ಹೆಜ್ಜೆ ಹಿಂದೆ ಹೋದ. ನೆಲ್ಡಾ ಹಿಂದಿನಿಂದ ನುಗ್ಗಿ ಎರಡೂ ಹಿಂಗಾಲು ಹಿಡಿದು ಮೇಲಕ್ಕೆತ್ತಿದಳು. ರಮೀರೋ ಹುಡುಕುವ ನಾಯಿಗಳನ್ನು ಹಿಡಿದು ಮರಕ್ಕೆ ಕಟ್ಟಲು ಓಡಿದ. ಎಲ್ಲ ಹೇಗೆ ಆಗಬೇಕೋ ಹಾಗೇ ಆಯಿತು.

"ಬಾ! ಹಾಕು!"

ಬ್ರಾಡಿ ಬಂದ. ಚಾಕು ಹಿರಿದ. ಆಮೇಲೆ ತಿರುಗಿ, "ಕರ್ಟ್, ಫೋನಲ್ಲಿ ವಿಡಿಯೋ ಬರ್ತಾ ಇದ್ಯಾ? ಮುಖ ಕಾಣುತ್ತಾ?" ಎಂದ.

"ಹ್ಯಾಟ್ ನೆರಳು ಬೀಳ್ತಿದೆ."

ಬ್ರಾಡಿ ಹ್ಯಾಟು ಹಿಂದಕ್ಕೆ ಸರಿಸಿದ.

"ಹಾಕೋ!" ಎಂದು ನೆಲ್ಡಾ ಅರಚಿದಳು. ಇನ್ನೂರೈವತ್ತು ಪೌಂಡಿನ ಪ್ರಾಣಿ ಅವಳ ತೋಳನ್ನು ಭುಜದಿಂದ ಕಿತ್ತುಕೊಳ್ಳುವ ಹಾಗೆ ಒದೆಯುತ್ತಿತ್ತು. ಕಾಲು ಬಿಟ್ಟರೆ ಅವಳು ಕೆಟ್ಟಳು, ಬಿಡದೆ ಕಾದಷ್ಟೂ ನಾಯಿ ಕೆಟ್ಟಿತು.

"ಒಂದ್ನಿಮಿಷ ಮಿಸ್ ನೆಲ್ಡಾ," ಎಂದ ಕ್ಲಿಫ್. ಗಿರಾಕಿಯ ಮುಂದೆ ಅವನ ದನಿ ಬೆಣ್ಣೆಯಾಗಿತ್ತು. "ಸರಿಯಾಗಿ ಬರ್ಲಿ."

ಹಂದಿ ತಲೆ ಒದರಿತು. ಕೋರೆ ಡೀಕನ್‌ನ ಕವಚ ಮುಗಿಯುವಲ್ಲಿ, ಮುಂಗಾಲಿನ ಸಂದಿಯಲ್ಲಿ ಇಳಿದು ಹೊರಬಂತು. ಬಿಳಿ ಕೂದಲು ಕೆಂಪಾಯಿತು. ನಾಯಿ ಕುಂಯ್ ಅನ್ನಲಿಲ್ಲ, ಹಿಡಿತವನ್ನೂ ಬಿಡಲಿಲ್ಲ. ಕಣ್ಣು ಮಾತ್ರ ಹೊರಳಿಸಿ ಹಿಂದೆ ನೆಲ್ಡಾಳನ್ನು ನೋಡಿತು. ನಾನು ಹಿಡಿದಿದ್ದೇನೆ, ನೀವೇನು ಮಾಡುತ್ತಿದ್ದೀರಿ ಎಂದು ಕೇಳುವ ಹಾಗೆ.

ಅವಳು ಇನ್ನು ಯಾರನ್ನೂ ಕರೆಯಲಿಲ್ಲ. ಕಾಲುಗಳನ್ನು ತಿರುಚಿ ಹಂದಿಯನ್ನು ಮಗ್ಗುಲಿಗೆ ಕೆಡವಿ, ಪಕ್ಕೆಯ ಮೇಲೆ ಮಂಡಿ ಊರಿ, ಸೊಂಟದ ಹಗ್ಗ ಸೆಳೆದು ಎರಡು ಹಿಂಗಾಲು ಒಂದು ಮುಂಗಾಲು ಸೇರಿಸಿ ಕಟ್ಟಿದಳು. ಒಬ್ಬಳೇ ಇದನ್ನು ಮಾಡಿ ಹತ್ತು ವರ್ಷವಾಗಿತ್ತು. ರಮೀರೋ ಬಂದು ಡೀಕನ್‌ನ ದವಡೆಗೆ ಕೋಲು ಕೊಟ್ಟು ಬಿಡಿಸಿ, ಕುತ್ತಿಗೆಯ ಬಟ್ಟೆ ಬಿಚ್ಚಿ ಗಾಯಕ್ಕೆ ಒತ್ತಿದ.

"ಆಳ ಇದೆ. ಉಳೀತಾನೆ," ಎಂದ.

"ಅಯ್ಯೋ, ಎಂಥಾ ಶಾಟ್ ತಪ್ಪೋಯ್ತು," ಎಂದ ಬ್ರಾಡಿ. ಹಂದಿಯನ್ನು ಕಟ್ಟಿದ ಕೂಡಲೇ ಅವನ ದನಿ ಹುಷಾರಾಗಿತ್ತು. ಉತ್ತರನ ಪೌರುಷ ಒಲೆಯ ಮುಂದೆ. "ಪರವಾಗಿಲ್ಲ, ಇನ್ನೊಂದ್ಸಲ ಮಾಡೋಣ. ನಾಯೀನ ಮತ್ತೆ ಹಿಡಿಸಿ. ಹಗ್ಗ ಹಂಗೇ ಇರ್ಲಿ, ಕೆಳಗಡೆ ಕಾಣದ ಹಾಗೆ ತೆಗೀತಾನೆ ಕರ್ಟ್."

ನೆಲ್ಡಾ ಅವನನ್ನು ನೋಡಿದಳು, ಕ್ಲಿಫ್‌ನನ್ನು ನೋಡಿದಳು.

"ಕೇಳಿದ್ಯಾ ಇವ್ನು ಹೇಳಿದ್ದು?"

"ಒಂದೇ ಒಂದ್ಸಲ," ಎಂದ ಕ್ಲಿಫ್. ಆಮೇಲೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಜಗಲೀಲಿ ಮಾತಾಡಿದ್ದು ನೆನಪಿದೆ ತಾನೆ?" ಎಂದ.

"ಚೆನ್ನಾಗಿ ನೆನಪಿದೆ. ನೀನು ಎರಡನೇ ಕ್ಲಾಸಲ್ಲಿ ನನ್ನ ಬಸ್ಸಲ್ಲಿ ವಾಂತಿ ಮಾಡ್ಕೊಂಡು, ತಪ್ಪನ್ನ ಪಕ್ಕದ ಹುಡುಗನ ಮೇಲೆ ಹಾಕಿದ್ದೂ ನೆನಪಿದೆ. ಕಟ್ಟಿದ ಹಂದಿ ಮೇಲೆ ನನ್ನ ನಾಯಿ ಬಿಡಲ್ಲ ಕ್ಲಿಫ್."

"ಹಾಗಾದ್ರೆ ಬ್ರಾಡಿ ಹಾಗೇ ಚಾಕು ಹಾಕ್ಲಿ."

"ಕಟ್ಟಿದ್ದಕ್ಕಾ? ಅದಕ್ಕೆ ಗಂಡಸು ಯಾಕೆ ಬೇಕು? ಕಸಾಯಿ ಅಂಗಡಿಗೆ ಕಳಿಸು."

"ಮಿಸ್ ನೆಲ್ಡಾ, ಇದು ನನ್ನ ಜಮೀನು. ಇದು ನನ್ನ ಹಂದಿ."

ನೆಲ್ಡಾ ಜೇಬಿಗೆ ಕೈ ಹಾಕಿ ತನ್ನ ಚಾಕು ತೆಗೆದಳು. ಬೆರಳುದ್ದದ್ದು, ಸಾಣೆ ಹಿಡಿದು ಹಿಡಿದು ಸಣಕಲಾದದ್ದು. ಸರಿ, ಇವಳೇ ಕೊಲ್ಲುತ್ತಾಳೆ ಎಂದುಕೊಂಡು ಕರ್ಟ್ ಫೋನು ಎತ್ತಿದ. ರಮೀರೋ ಒಬ್ಬನಿಗೆ ಅರ್ಥವಾಗಿ, ಮೀಸೆಯಡಿ ನಗು ತಡೆದುಕೊಂಡು ಡೀಕನ್‌ನನ್ನು ಎತ್ತಿ ಪಿಕಪ್ಪಿನ ಕಡೆ ನಡೆದ.

ಅವಳು ಹಂದಿಯ ಹಿಂದೆ ಕೂತಳು. ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಎರಡು ಗೀರು ಕೊಟ್ಟಳು. ಹಳೆಯ ಕಾಲದ ಬೇಟೆಗಾರರು ಮಾಡುತ್ತಿದ್ದ ಕೆಲಸ: ಗಂಡನ್ನು ಹಿಡಿದು ಬೀಜ ತೆಗೆದು ಬಿಟ್ಟರೆ ವರ್ಷದಲ್ಲಿ ಕೊಬ್ಬಿ ಒಳ್ಳೆಯ ಮಾಂಸವಾಗುತ್ತಿತ್ತು. ಹಂದಿಯ ಅರಚಾಟ ಹಳ್ಳದುದ್ದಕ್ಕೂ ಹೋಯಿತು. ಕೈಯಲ್ಲಿದ್ದುದನ್ನು ಅವಳು ಹುಲ್ಲಿಗೆಸೆದಳು. ಒಂದು ಉರುಳಿ ಬ್ರಾಡಿಯ ಬೂಟಿನ ಹತ್ತಿರ ನಿಂತಿತು. ಕರ್ಟ್‌ನ ಫೋನು ತಾನಾಗಿ ಕೆಳಗಿಳಿಯಿತು. ಮೂವರು ಗಂಡಸರೂ ಯಾರೋ ಹೇಳಿಕೊಟ್ಟ ಹಾಗೆ ತೊಡೆ ಕೂಡಿಸಿಕೊಂಡು ನಿಂತರು.

"ನಿಮ್ಮಪ್ಪ ನನ್ನ ಕರೆದಿದ್ದು ಹಂದಿ ಕಡಿಮೆ ಮಾಡು ಅಂತ," ಎಂದಳು ನೆಲ್ಡಾ, ಚಾಕುವನ್ನು ಹುಲ್ಲಿಗೆ ಒರೆಸುತ್ತ. "ಇನ್ನು ಇದು ಒಂದು ಮರೀನೂ ಹುಟ್ಟಿಸಲ್ಲ. ನನ್ನ ಕೆಲಸ ಆಯ್ತು. ನಿನ್ನ ಹಂದಿ ನಿನಗೆ ವಾಪಸ್." ಹಗ್ಗದ ತುದಿಗೆ ಕೈ ಇಟ್ಟಳು. "ಮರ ಹತ್ತೋರು ಹತ್ಕೊಳ್ಳಿ."

"ಏಯ್, ಬೇಡ, ನಿಲ್ಲಿ!"

ಎಳೆದಳು. ಗಂಟು ಜಾರಿತು.

ಕಾರು ಮಾರುವವನು ಮರ ಹತ್ತಬಲ್ಲ ಎಂದು ಅಂದು ಗೊತ್ತಾಯಿತು. ಕರ್ಟ್ ಅವನ ಕಾಲಡಿಯ ಕೊಂಬೆಗೆ ಜೋತುಬಿದ್ದ. ಕ್ಲಿಫ್ ಮರದ ಹಿಂದೆ ಸರಿದ. ಹಂದಿ ಎದ್ದು, ಒಮ್ಮೆ ತಡವರಿಸಿ, ಕೆಳಗೆ ಬಿದ್ದಿದ್ದ ಮೊಳದುದ್ದದ ಚಾಕುವನ್ನು ತುಳಿದು, ಕದಲದೆ ನಿಂತಿದ್ದ ನೆಲ್ಡಾಳ ಕಡೆ ತಿರುಗಿತು. ಅವಳಿಗೆ ಹೆದರಿಕೆಯಾಯಿತು. ಆದರೂ ಕಾಲು ಕೀಳಲಿಲ್ಲ. ಅದು ಮೂಗಿನಲ್ಲಿ ಬುಸ್ ಎಂದು, ತಿರುಗಿ, ಜಾಲಿ ಪೊದೆ ಮುರಿದುಕೊಂಡು ಹೋಯಿತು.

ಕ್ಲಿಫ್ ಮರದ ಮರೆಯಿಂದ ಈಚೆ ಬಂದ.

"ಹೋಗಿ," ಎಂದ ಕ್ಲಿಫ್. ಮುಖ ಬಿಳಿಚಿತ್ತು. "ಈಗ್ಲೇ ಹೋಗಿ. ಈ ಗೇಟೊಳಗೆ ನೀವು ಇನ್ನೊಂದ್ಸಲ ಕಾಲಿಡಬಾರ್ದು."

"ಸರಿ," ಎಂದಳು ನೆಲ್ಡಾ ಕಡ್ಡಿ ಮುರಿದ ಹಾಗೆ. "ಹಂದಿಗಳಿಗೂ ಹಾಗೇ ಹೇಳಿಬಿಡು. ನಿನ್ನ ಮಾತು ಕೇಳ್ತಾವೋ ನೋಡೋಣ."

ಮರಕ್ಕೆ ಕಟ್ಟಿದ್ದ ಶುಗರ್, ಪಾಪ್‌ರನ್ನು ಬಿಚ್ಚಿ ಹಿಂದಿನ ಕಂಬಿಗೂಡಿಗೆ ಹತ್ತಿಸಿದ ಮೇಲೆ ಪಿಕಪ್ಪು ರಮೀರೋ ಓಡಿಸಿದ. ಡೀಕನ್‌ನ ತಲೆ ಅವಳ ತೊಡೆಯ ಮೇಲಿತ್ತು. ಗೇಟಿಗೆ ಮೂರು ಮೈಲಿ ಕಲ್ಲುದಾರಿ; ಕುಲುಕಾಟಕ್ಕೆ ಕಟ್ಟಿದ ಬಟ್ಟೆ ನೆನೆದು ರಕ್ತ ಅವಳ ಪ್ಯಾಂಟಿಗಿಳಿಯಿತು. ಗೇಟು ದಾಟಿ ಡಾಂಬರು ರಸ್ತೆಗೆ ಹತ್ತುತ್ತಲೇ, "ನಿಲ್ಸು. ಇಲ್ಲೇ ಹೊಲೀಬೇಕು," ಎಂದಳು.

"ಗೇಟ್ ಬಾಯಲ್ಲೇನಾ?"

"ರಸ್ತೆ ಕೌಂಟಿ ಸರ್ಕಾರದ್ದು, ಕ್ಲಿಫ್‌ದಲ್ಲ."

ಹಿಂಬಾಗಿಲ ಹಲಗೆ ಇಳಿಸಿ ನಾಯಿಯನ್ನು ಅದರ ಮೇಲೆ ಮಲಗಿಸಿದರು. ರಮೀರೋ ಕತ್ತು ಹಿಡಿದ. ಅವಳು ಗಾಯ ತೊಳೆದು, ಸೂಜಿಗೆ ದಾರ ಪೋಣಿಸಲು ಹೋದಳು. ಮೂರು ಸಲ ತಪ್ಪಿತು.

"ಹೋಯ್ತಲ್ಲೋ ರಮೀರೋ," ಎಂದಳು. "ಮೂವತ್ತೊಂದು ವರ್ಷ."

"ಹೋಯ್ತು ಕೊಮಾದ್ರೆ."

ಅವಳು ತೋಳಿನಲ್ಲಿ ಕಣ್ಣು ಒರೆಸಿಕೊಂಡು ನಾಲ್ಕನೆಯ ಸಲಕ್ಕೆ ದಾರ ಪೋಣಿಸಿದಳು. ಮೊದಲ ಹೊಲಿಗೆಗೆ ಡೀಕನ್ ಅವಳ ಮಣಿಕಟ್ಟು ನೆಕ್ಕಿತು.

ಐದನೆಯ ಹೊಲಿಗೆಯ ಹೊತ್ತಿಗೆ ಗೇಟಿನ ಒಳಗಿನಿಂದ ಕ್ಲಿಫ್‌ನ ದೊಡ್ಡ ಕಾರು ಬಂದು ನಿಂತಿತು. ಮುಂದೆ ಕ್ಲಿಫ್, ಹಿಂದೆ ಇಬ್ಬರು ಗಿರಾಕಿಗಳು. ಪಿಕಪ್ಪು ಸರಿಯದೆ ಹೊರಬರಲು ದಾರಿಯಿಲ್ಲ. ಅವನು ಹಾರ್ನ್ ಒತ್ತಿದ. ಮತ್ತೆ ಒತ್ತಿದ.

ಅದಕ್ಕೆ ಉತ್ತರವೆಂಬಂತೆ ಗೂಡಿನಲ್ಲಿದ್ದ ಶುಗರ್ ಎದ್ದು ನಿಂತಳು. ಗಾಳಿ ಹಳ್ಳದ ಕಡೆಯಿಂದ ಬೀಸುತ್ತಿತ್ತು. ಮೂಗನ್ನು ಕಂಬಿಗೆ ಒತ್ತಿ, ರ‍್ಯಾಂಚಿನತ್ತ ಮುಖ ಮಾಡಿ ಕೂಗಿದಳು. ಪಾಪ್ ಸೇರಿಕೊಂಡ.

"ಸುಮ್ನಿರಿಸ್ಲಾ?" ಎಂದ ರಮೀರೋ.

"ಬೇಡ. ಕೂಗ್ಲಿ."

"ಕ್ಲಿಫ್ ಕಾಯ್ತಿದಾನೆ."

"ಎಷ್ಟಾಯ್ತು ಹೊಲಿಗೆ?"

"ಐದು. ಇನ್ನೊಂದು ಆರು ಬೇಕಾಗುತ್ತೆ."

ನೆಲ್ಡಾ ತಲೆ ಎತ್ತದೆ ದಾರ ಎಳೆದು ಗಂಟು ಹಾಕಿದಳು. ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ನಿಧಾನವಾಗಿ, ಆರನೆಯದಕ್ಕೆ ಸೂಜಿ ಇಳಿಸಿದಳು.